ಹೊಲಿದವಳ ಒಪ್ಪಿಗೆ

ಗಂಡ ತಾನು ಇಟ್ಟುಕೊಂಡವಳ ಮನೆಗೆ ಬೇಕಾದ ಹಾಸಿಗೆಯನ್ನು ಹೆಂಡತಿಯ ಕೈಯಲ್ಲೇ ಹೊಲಿಸಿದ.

ಆ ಆರ್ಡರು ಬಂದದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಬೀದಿಗೆ ಮುಖ ಮಾಡಿದ ಅಂಗಡಿ ಗಂಡನದು. ಅದರ ಹಿಂದಿನ ಒಂದೇ ಕಿಟಕಿಯ ಉದ್ದನೆ ಕೋಣೆ ಹೆಂಡತಿಯದು. ಮುಂದೆ ಅವನು ಅಳತೆ ಬರೆದುಕೊಳ್ಳುತ್ತಾನೆ, ಚೌಕಾಸಿ ಮಾಡುತ್ತಾನೆ, ಗಿರಾಕಿಗೆ ಚಹಾ ತರಿಸುತ್ತಾನೆ. ಹಿಂದೆ ಇವಳು ಹತ್ತಿ ಹಿಂಜುತ್ತಾಳೆ, ತುಂಬುತ್ತಾಳೆ, ದಬ್ಬಣ ಹಿಡಿದು ಹೊಲಿಯುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಹೀಗೇ. ಬೀದಿಯವರು ಅವಳನ್ನು ಹಾಸಿಗೆಯಮ್ಮ ಅಂತಲೇ ಕರೆದು ಕರೆದು, ಅವಳ ಸ್ವಂತ ಹೆಸರು ಸರ್ಕಾರಿ ಕಾಗದದಲ್ಲಷ್ಟೇ ಉಳಿದುಕೊಂಡಿತ್ತು.

"ಹೊಸ ಜೋಡಿ," ಅಂದಿದ್ದ ಗಂಡ. "ದೊಡ್ಡ ಹಾಸಿಗೆ. ಒಳ್ಳೇ ಹತ್ತಿ ಹಾಕು. ಹಳೇದು ಒಂದು ಎಳೆಯೂ ಬೆರೆಸ್ಬೇಡ."

"ಎಷ್ಟು ವಯಸ್ಸು? ಎಳೇವ್ರಾದ್ರೆ ಗಟ್ಟಿಯಾಗಿ ತುಂಬ್ತೀನಿ."

"ಎಳೇವ್ರಲ್ಲ. ಗಂಡಸಿಗೆ ಸೊಂಟ ನೋವಂತೆ. ಎಡ ಮಗ್ಗುಲಲ್ಲೇ ಮಲಗೋದಂತೆ."

"ಥೇಟ್ ನಿಮ್ಮ ಹಾಗೇ. ಪಾಪ, ಆ ಹೆಣ್ಣಿನ ಗ್ರಹಚಾರ."

ಗಂಡ ಜೋರಾಗಿ ನಕ್ಕಿದ್ದ. ಆ ನಗು ಕೇಳಿ ಅವಳಿಗೂ ಖುಷಿಯಾಗಿತ್ತು. ತನ್ನ ಮಾತಿಗೆ ಗಂಡ ನಕ್ಕು ಎಷ್ಟು ಕಾಲವಾಗಿತ್ತೋ. ಅದೇ ಖುಷಿಯಲ್ಲಿ, ಎಡಗಡೆ ಸೊಂಟ ಬರುವ ಜಾಗಕ್ಕೆ ಯಾರೂ ಹೇಳದೆ ಎರಡು ಹಿಡಿ ಹತ್ತಿ ಹೆಚ್ಚಿಗೆ ಇಟ್ಟಳು. ಹನ್ನೊಂದು ದಿನ ಕೂತು ಹೊಲಿದಳು. ಅಂಚಿಗೆ ಎರಡು ಸಾಲು ಹೊಲಿಗೆ, ನಡುನಡುವೆ ಗಂಟು, ಒಂದೊಂದು ಗಂಟಿಗೂ ಒಂದೇ ಬಿಗಿ. ದಬ್ಬಣ ತಳ್ಳಿ ತಳ್ಳಿ ಹೆಬ್ಬೆರಳು ಬಿರಿಯಿತು. ಹಾಸಿಗೆ ವ್ಯಾನಿಗೆ ಏರಿದ ದಿನ ಗಂಡ ಅದರ ಮೇಲೆ ಕೈಯಾಡಿಸಿ, "ನಿನ್ನ ಕೈಗೆ ಚಿನ್ನದ ಬಳೆ ಹಾಕಿಸ್ಬೇಕು ಕಣೇ," ಅಂದ.

ಬಳೆ ಬರಲಿಲ್ಲ. ಸಿನಿಮಾ ಪಾಸು ಬಂತು. ಆ ಗಿರಾಕಿ ಟಾಕೀಸಿನಲ್ಲಿ ಟಿಕೆಟ್ ಕೊಡೋ ಕೆಲಸ ಮಾಡೋದಂತೆ, ಹಾಸಿಗೆ ಬಹಳ ಹಿಡಿಸಿತಂತೆ, ಮನೆಯವರೆಲ್ಲ ಬರಲಿ ಅಂದರಂತೆ. ನಾಲ್ವರೂ ಹೋದರು. ಅವಳು, ಗಂಡ, ಅತ್ತೆ, ಕಾಲೇಜಿನಲ್ಲಿ ಎರಡನೇ ವರ್ಷ ಓದುವ ಮಗಳು. ಬಾಲ್ಕನಿ ಸೀಟು. ನಗಿಸುವ ಚಿತ್ರ. ಹಾಸಿಗೆಯಮ್ಮ ಆ ಸಂಜೆ ನಕ್ಕಿದ್ದೇ ನಕ್ಕಿದ್ದು. ಕೂತ ಸೀಟು ಕಿರ್ರೆನ್ನುವಷ್ಟು, ಮುಂದಿನವರು ತಿರುಗಿ ನೋಡುವಷ್ಟು. ಆಮೇಲೆ ಹೊಸ ಚಿತ್ರ ಬಂದಾಗೆಲ್ಲ ಪಾಸು ಬರುತ್ತಿತ್ತು. ಅವಳಿಗೆ ಬಿಡುವಿರಲಿಲ್ಲ. ಅತ್ತೆಯೂ ಮಗಳೂ ತಪ್ಪಿಸುತ್ತಿರಲಿಲ್ಲ. ಗಂಡ ಹತ್ತಿ ತರಲು ಪಕ್ಕದ ಊರಿಗೆ ಅನ್ನುವ ನೆಪ ಹೇಳಿ ವಾರದಲ್ಲಿ ಎರಡು ದಿನ ಹೊರಗೇ ಉಳಿದು ಬರುತ್ತಿದ್ದ. ಹತ್ತಿಯೂ ಬರುತ್ತಿತ್ತು, ಅನುಮಾನ ಪಡುವುದಕ್ಕೆ ಏನಿತ್ತು?

ಏಳು ತಿಂಗಳಾದ ಮೇಲೆ ಗಂಡ ಅದೇ ಹಾಸಿಗೆಯನ್ನು ಸುರುಳಿ ಸುತ್ತಿ ತಂದು ಹಿಂದಿನ ಕೋಣೆಯಲ್ಲಿ ಇಳಿಸಿದ.

"ಉಂಡೆ ಕಟ್ಟಿದೆಯಂತೆ. ಬಿಚ್ಚಿ ಹಿಂಜಿ ಹೊಲಿದು ಕೊಡು."

ಇಪ್ಪತ್ತೆರಡು ವರ್ಷ ಹಾಸಿಗೆ ಮಾರಿದವನು. ಆದರೆ ಒಂದು ದಿನವೂ ಹಾಸಿಗೆ ಬಿಚ್ಚಿದವನಲ್ಲ. ಹತ್ತಿ ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದನ್ನು ಬೇರೆ ಯಾವ ಅಂಗಡಿಗಾದರೂ ಹಾಕುತ್ತಿದ್ದ, ಇಲ್ಲ ಸುಟ್ಟು ಹಾಕುತ್ತಿದ್ದ.

ಹಾಸಿಗೆಯಮ್ಮನ ಶಾಲೆಯ ಓದು ಅಷ್ಟಕ್ಕಷ್ಟೇ. ಆದರೆ ಹಾಸಿಗೆ ಓದಬಲ್ಲಳು. ಬಿಚ್ಚುವ ಮುಂಚೆ ಕಿಟಕಿಯ ಬೆಳಕಿಗೆ ಹಾಸಿ, ಅಂಗೈ ಚಪ್ಪಟೆ ಮಾಡಿ ಈ ತುದಿಯಿಂದ ಆ ತುದಿಗೆ ಎಳೆಯುವುದು ಅವಳ ರೂಢಿ. ಎಲ್ಲಿ ಕುಳಿ ಬಿದ್ದಿದೆ, ಎಲ್ಲಿ ಹತ್ತಿ ಓಡಿದೆ ಅಂತ ಕೈಗೆ ಮೊದಲು ಗೊತ್ತಾಗಬೇಕು. ಆ ದಿನವೂ ಎಳೆದಳು. ಎಡಗಡೆ ಭುಜದ ಕುಳಿ, ಸೊಂಟದ ಕುಳಿ. ಕೆಳಗೆ ಬಲ ಹಿಮ್ಮಡಿ ಉಜ್ಜಿ ಉಜ್ಜಿ ಆದ ಒಂದು ಗೀರು. ಅಲ್ಲಿ ಬಟ್ಟೆ ಸವೆದು ಹತ್ತಿ ಹೊರಗೆ ಇಣುಕುತ್ತಿತ್ತು.

ಅವಳ ಗಂಡನಿಗೂ ಹಿಮ್ಮಡಿ ಉಜ್ಜುವ ಚಾಳಿ ಇತ್ತು, ನಿದ್ದೆ ಹತ್ತುವವರೆಗೆ. ಪ್ರತಿ ವರ್ಷ ಅವನ ಹಾಸಿಗೆಯ ಆ ಜಾಗಕ್ಕೆ ತೇಪೆ ಹಾಕುವವಳು ಅವಳೇ. ಉಜ್ಜುವವರು ಲೋಕದಲ್ಲಿ ಇವನೊಬ್ಬನೇ ಏನು ಅಂದುಕೊಂಡಳು. ಅಂದುಕೊಂಡು ಎದ್ದುಹೋಗಿ ಮಂಚದಿಂದ ಗಂಡನ ಹಾಸಿಗೆ ಎಳೆದು ತಂದು ಪಕ್ಕದಲ್ಲಿ ಹಾಸಿದಳು. ಗೇಣು ಹಾಕಿದಳು. ಭುಜದಿಂದ ಸೊಂಟಕ್ಕೆ ಎರಡು ಗೇಣು ನಾಲ್ಕು ಬೆರಳು. ಇಲ್ಲೂ ಎರಡು ಗೇಣು ನಾಲ್ಕು ಬೆರಳು. ಸೊಂಟದಿಂದ ಹಿಮ್ಮಡಿಗೆ ನಾಲ್ಕು ಗೇಣು. ಇಲ್ಲೂ ನಾಲ್ಕು.

ಕೈ ಅಲ್ಲಿಗೇ ನಿಲ್ಲಬಹುದಿತ್ತು. ರೂಢಿಯ ಕೈ, ನಿಲ್ಲಲಿಲ್ಲ. ಕಾಲ ಕಡೆ ಅಡ್ಡಡ್ಡಕ್ಕೆ ಎರಡು ಪುಟ್ಟ ಕುಳಿ ಸಿಕ್ಕವು. ಹೊಟ್ಟೆಯಡಿ ಮಾಡಿ ಮಲಗಿ, ಮೊಣಕೈ ಊರಿ, ಗದ್ದಕ್ಕೆ ಮುಷ್ಟಿ ಕೊಟ್ಟು ಓದುವವರ ಮೊಣಕೈ ಕುಳಿ. ಅವೆರಡರ ನಡುವೆ ಹಸಿರು ಶಾಯಿಯ ಒಂದು ಕಲೆ. ಮನೆಯ ಹೊದಿಕೆಗಳ ಮೇಲೆಲ್ಲ ಅಂಥ ಕಲೆ ಇದ್ದವು. ಪೆನ್ನಿನ ಮುಚ್ಚಳ ಹಾಕೇ ಹಾಕು ಅಂತ ಮಗಳಿಗೆ ದಿನಾ ಹೇಳಿ ಹೇಳಿ ಅವಳ ಗಂಟಲು ಬತ್ತಿತ್ತು.

ಅವಳು ಹಾಸಿಗೆಯ ಅಂಚಿಗೆ ಕೈಯೂರಿ ಕೂರಲು ಹೋದಳು. ಅಂಚು ಬಟ್ಟಲಿನ ಹಾಗೆ ಕುಸಿಯಿತು. ಎರಡು ಸಾಲು ಹೊಲಿಗೆಯೂ ಅಲ್ಲಿ ಹರಿದಿತ್ತು. ಮಲಗುವವರ ಭಾರಕ್ಕೆ ಅಂಚು ಹೀಗಾಗುವುದಿಲ್ಲ. ಗಂಟೆಗಟ್ಟಲೆ ಕೂತರೆ ಮಾತ್ರ ಹೀಗಾಗುತ್ತದೆ. ಕಾಯಿಲೆಯವರ ಹಾಸಿಗೆಯಲ್ಲಿ, ಹೆತ್ತ ಮಗುವನ್ನು ಕಳಕೊಂಡವರ ಹಾಸಿಗೆಯಲ್ಲಿ ಇದನ್ನು ನೋಡಿದ್ದಳು. ಹೊಸ ಜೋಡಿಯ ಹಾಸಿಗೆಯಲ್ಲಿ ನೋಡಿರಲಿಲ್ಲ.

ಸಂಜೆ ಅನ್ನ, ಬೇಳೆ, ಹುರಿದ ಆಲೂಗೆಡ್ಡೆ ಮಾಡಿದಳು. ಬಡಿಸಿದಳು. ಎಲ್ಲರೂ ಎರಡು ತುತ್ತು ತಿನ್ನುವವರೆಗೆ ಸುಮ್ಮನಿದ್ದಳು.

"ಗಿರಾಕಿ ಹಾಸಿಗೆ ನೋಡ್ದೆ."

"ಬೇಗ ಮಾಡಿಬಿಡು," ಅಂದ ಗಂಡ. "ಶುಕ್ರವಾರ ಕೊಡ್ಬೇಕು."

"ಉಂಡೆ ಕಟ್ಟಿಲ್ಲ. ನಾನು ತುಂಬಿದ ಹತ್ತಿ ಏಳು ತಿಂಗಳಿಗೆ ಉಂಡೆ ಕಟ್ಟಲ್ಲ. ಅಂಚು ಕುಸಿದಿದೆ, ಕೂತು ಕೂತು." ಅವಳು ಸೌಟು ಕೆಳಗಿಟ್ಟಳು. "ಯಾಕ್ರೀ, ಅಲ್ಲೂ ನಿಮಗೆ ನಿದ್ದೆ ಬರಲ್ವಾ?"

ಗಂಡನ ಕೈ ತಟ್ಟೆಯಲ್ಲೇ ಉಳಿಯಿತು. "ಏನು ಮಾತಾಡ್ತಿದೀಯ ನೀನು?"

"ಎರಡು ಗೇಣು ನಾಲ್ಕು ಬೆರಳು ಮಾತಾಡ್ತಿದೀನಿ."

"ತಟ್ಟೆ ಮುಂದೆ ಕೂತಾಗ ಇದೆಲ್ಲ ಬೇಕಾ?" ಅಂದರು ಅತ್ತೆ. "ಉಂಡ ಮೇಲೆ ಆಡ್ಕೊಂಡ್ರಾಯ್ತು."

'ಏನಾಯ್ತು' ಅಂತ ಅತ್ತೆ ಕೇಳಲಿಲ್ಲ. ಅಷ್ಟರಲ್ಲೇ ಅವಳಿಗೆ ಗೊತ್ತಾಯಿತು.

"ನಿಮಗೂ ಗೊತ್ತಿತ್ತಾ ಅತ್ತೆ?"

"ಗೊತ್ತಿದ್ದು ಏನು ಮಾಡ್ಲಿ? ಮುದುಕಿ ನಾನು. ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ?"

"ಬಾಲ್ಕನೀನೇ ಬೇಕು ಅಂದ್ರಲ್ಲ, ಅದನ್ನ ಎಲ್ರೂ ಕೇಳಿದ್ರು."

ಅತ್ತೆ ಆಲೂಗೆಡ್ಡೆ ತುಂಡನ್ನು ತಟ್ಟೆಯ ಅಂಚಿಗೆ ಸರಿಸಿದರು. ಗಂಡ ಎದ್ದು ನಿಂತ. ಸಿಕ್ಕಿಬಿದ್ದ ಗಂಡಸಿಗೆ ಎದ್ದು ನಿಂತರೆ ಧೈರ್ಯ ಬರುತ್ತದೆ.

"ಹೌದು, ಹೋಗ್ತೀನಿ. ಏನೀಗ? ಇಪ್ಪತ್ತೆರಡು ವರ್ಷ ಈ ಧೂಳು ಕುಡಿದಿದೀನಿ. ಮನುಷ್ಯ ಅಂದ್ಮೇಲೆ ಒಂಚೂರು ಸುಖ ಬೇಡ್ವಾ? ಇರೋದು ಒಂದೇ ಜೀವ. ಸಂತೋಷವಾಗಿರೋಣ ಅಂದ್ರೆ ಅದೂ ತಪ್ಪಾ?"

ಧೂಳು ಏಳುತ್ತಿದ್ದುದು ಹಿಂದಿನ ಕೋಣೆಯಲ್ಲಿ. ಅವನು ಕೂರುತ್ತಿದ್ದುದು ಮುಂದೆ, ಬೀದಿಯ ಗಾಳಿಗೆ. ರಾತ್ರಿಯೆಲ್ಲ ಕೆಮ್ಮುತ್ತಿದ್ದವಳು ಅವಳು.

"ಸುಖ ಬೇಕು ಅಂದ್ರೆ ಹೊಲಿಯೋಕೆ ನಾನೇ ಬೇಕಿತ್ತಾ?"

"ಅಮ್ಮ, ಕಿರುಚ್ಬೇಡ," ಅಂದಳು ಮಗಳು. "ಚಿಕ್ಕಮ್ಮ ನೀನು ಅಂದ್ಕೊಂಡ ಹಾಗಲ್ಲ."

ಅವಳು ಮಗಳ ಕಡೆ ತಿರುಗಿದಳು.

"ಯಾರು?"

"ಆಂಟಿ."

"ಮೊದ್ಲು ಏನಂದೆ?"

ಮಗಳು ತಲೆ ತಗ್ಗಿಸಿದಳು. ಮರುಗಳಿಗೆಗೆ ಎತ್ತಿದಳು, ಅಪ್ಪನ ಮೂಗು, ಅಪ್ಪನದೇ ಸಿಟ್ಟು. "ಚಿಕ್ಕಮ್ಮ ಅಂದೆ. ಹೌದು, ಹೋಗ್ತೀನಿ ನಾನೂ, ಕಾಲೇಜು ಮುಗಿದ ಮೇಲೆ. ಅಲ್ಲಿ ಯಾರೂ ಈ ಬಟ್ಟೆ ಮಡಚು, ಆ ಪಾತ್ರೆ ತಿಕ್ಕು ಅನ್ನಲ್ಲ. ರೇಡಿಯೋ ಹಾಡ್ತಾ ಇರುತ್ತೆ. ನಗ್ತಾರೆ ಅಮ್ಮ. ಈ ಮನೇಲಿ ಕೊನೇ ಸಲ ಯಾರು ನಕ್ಕಿದ್ದು, ಹೇಳು ನೋಡೋಣ?"

"ನಾನು," ಅಂದಳು ಅವಳು. "ಟಾಕೀಸಲ್ಲಿ."

ಅವಳು ಮನೆ ಬಿಟ್ಟು ಹೋಗಲಿಲ್ಲ. ಬೀದಿಗೆ ನಿಂತು ಎದೆ ಬಡಿದುಕೊಳ್ಳಲೂ ಇಲ್ಲ. ಬೆಳಗ್ಗೆ ಹಿಂಜುವ ಯಂತ್ರ ಓಡುತ್ತಿತ್ತು, ಹೊತ್ತಿಗೆ ಸರಿಯಾಗಿ ಅನ್ನ ಬೇಯುತ್ತಿತ್ತು. "ಇನ್ನೊಂಚೂರು ಹಾಕ್ಲಾ?" ಅನ್ನುವ ಮಾತು ಮಾತ್ರ ನಿಂತಿತು. ಬೇಕಾದವರು ಪಾತ್ರೆಗೆ ಕೈ ಚಾಚಿ ತಾವೇ ಬಡಿಸಿಕೊಳ್ಳಬೇಕಾಯಿತು. ಅತ್ತೆ ಮೊದಲ ದಿನ ಬೇಳೆ ಚೆಲ್ಲಿಕೊಂಡರು. ನಾಲ್ಕನೇ ದಿನ ಬೆಳಗ್ಗೆ ಅವಳು ಗಂಡನಿಗೆ, "ನಿನ್ನ ಚಹಾ ಆರ್ತಿದೆ," ಅಂದಳು. ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

"ಏನಂದೆ? ಗಂಡನಿಗೆ ಏಕವಚನವಾ?"

"ಬಹುವಚನಕ್ಕೆ ಇಬ್ಬರಿರ್ಬೇಕು ಅತ್ತೆ. ಇವನಲ್ಲಿ ಅರ್ಧ ಅಲ್ಲಿದೆ."

ಮಗ ಇಟ್ಟುಕೊಂಡವಳ ಸುದ್ದಿಯನ್ನು ಏಳು ತಿಂಗಳು ನುಂಗಿ ಅರಗಿಸಿಕೊಂಡಿದ್ದ ಅತ್ತೆಗೆ ಸೊಸೆಯ ಏಕವಚನ ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಎದುರು ಮನೆಯವರಿಗೂ ಹೇಳಿಕೊಂಡು ಅತ್ತರು.

ಹಾಸಿಗೆ ಬಿಚ್ಚದೆ ಗೋಡೆಗೆ ಒರಗಿತ್ತು. ಗಂಡ ದಿನಾ ಬಾಗಿಲಲ್ಲಿ ಇಣುಕಿ, "ಆಯ್ತಾ? ಗಿರಾಕಿ ಕಾಯ್ತಿದಾರೆ," ಅನ್ನುತ್ತಿದ್ದ. ಎಲ್ಲ ಬಯಲಾದ ಮೇಲೂ ಗಿರಾಕಿ ಅನ್ನುವುದನ್ನು ಬಿಟ್ಟಿರಲಿಲ್ಲ. ಅವಳು ತಲೆ ಎತ್ತುತ್ತಿರಲಿಲ್ಲ.

ಮೂರನೇ ವಾರ ಮಧ್ಯಾಹ್ನ ಯಂತ್ರ ನಿಲ್ಲಿಸಿ, ಮೈಮೇಲಿನ ಅರಳೆ ಕೊಡವಿಕೊಂಡು, ಟಾಕೀಸಿಗೆ ನಡೆದು ಹೋದಳು. ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ. ಜುಟ್ಟು ಹಿಡಿಯುವುದಂತೂ ಆಗದು, ನಡುವೆ ಗಾಜು ಇತ್ತು. ಮ್ಯಾಟ್ನಿಯ ಸಾಲಿನಲ್ಲಿ ನಿಂತು ತನ್ನ ಸರದಿ ಬಂದಾಗ ಗಾಜಿನ ತೂತಿಗೆ ಬಗ್ಗಿದಳು. ಒಳಗಿದ್ದವಳಿಗೆ ನಲವತ್ತರ ಮೇಲೆ. ಕೂದಲು ನೆರೆಯತೊಡಗಿತ್ತು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದಳು. ಈ ಮೂರು ವಾರ ಹಾಸಿಗೆಯಮ್ಮ ಮನಸ್ಸಿನಲ್ಲಿ ಬೈದ ಹೆಂಗಸು ಇವಳಾಗಿರಲಿಲ್ಲ.

"ಎಷ್ಟು ಟಿಕೆಟ್?"

"ನಾನು ಹಾಸಿಗೆ ಹೊಲಿಯೋಳು."

ಟಿಕೆಟ್ ಕಿಟಕಿಯವಳ ಮುಖ ಅರಳಿತು. "ಅಯ್ಯೋ ಅಕ್ಕಾ, ನೀವಾ! ಎಷ್ಟು ದಿನದಿಂದ ನಿಮ್ಮನ್ನ ನೋಡ್ಬೇಕು ಅಂತಿದ್ದೆ. ಬೇಡ, ಅವಳಿಗೆ ನಾಚಿಕೆ ಜಾಸ್ತಿ ಅಂತ ಅವರೇ ತಡೀತಿದ್ರು."

ಬೈಗುಳಕ್ಕೆ ತಯಾರಾಗಿ ಬಂದವಳಿಗೆ ಈ 'ಅಕ್ಕಾ' ಅನ್ನುವ ಕರೆಯನ್ನು ಏನು ಮಾಡಬೇಕೋ ತಿಳಿಯಲಿಲ್ಲ.

"ನೀವು ದೊಡ್ಡ ಮನಸ್ಸು ಮಾಡಿದ್ರಿ," ಅಂದಳು ಟಿಕೆಟ್ ಕಿಟಕಿಯವಳು, ದನಿ ತಗ್ಗಿಸಿ. "ನಾನು ಮೊದ್ಲು ಒಪ್ಪಿರ್ಲಿಲ್ಲ ಅಕ್ಕ. ಹೆಂಡತಿ ಇರೋರು, ಬೇಡ ಅಂದಿದ್ದೆ. ಆಗ ಅವರು ಆ ಹಾಸಿಗೆ ತಂದು ಇಳಿಸಿದ್ರು. ಅವಳೇ ಹೊಲಿದು ಕಳಿಸಿದಾಳೆ, ಇದೇ ಅವಳ ಒಪ್ಪಿಗೆ ಅಂದ್ರು. ನಾನು ಆ ಹೊಲಿಗೆ ನೋಡ್ದೆ. ಮನಸ್ಸಿಲ್ಲದೆ ಯಾರೂ ಹಾಗೆ ಹೊಲಿಯಲ್ಲ ಅನ್ನಿಸ್ತು."

"ಏನಮ್ಮಾ," ಹಿಂದಿನಿಂದ ಯಾರೋ ಕೂಗಿದರು, "ಸಿನಿಮಾ ಒಳಗಾ, ಇಲ್ಲೇನಾ?"

"ನನಗೆ ಗಿರಾಕಿದು ಅಂದಿದ್ದ," ಅಂದಳು ಹಾಸಿಗೆಯಮ್ಮ. "ಹೊಸ ಜೋಡಿಗೆ ಅಂದಿದ್ದ."

ಟಿಕೆಟ್ ಕಿಟಕಿಯವಳು ಕನ್ನಡಕ ತೆಗೆದಳು. ಅದು ದಾರದಲ್ಲಿ ಎದೆಯ ಮೇಲೆ ತೂಗಿತು. "ನಿಮಗೆ ಗೊತ್ತೇ ಇರ್ಲಿಲ್ವಾ?"

"ಮೂರು ವಾರದ ಹಿಂದೆ ಗೊತ್ತಾಯ್ತು. ಹಾಸಿಗೆ ಹೇಳ್ತು."

ಹಿಂದಿನವರು ಮತ್ತೆ ಗೊಣಗಿದರು. ಹಾಸಿಗೆಯಮ್ಮ ತೂತಿಗೆ ಇನ್ನಷ್ಟು ಬಗ್ಗಿದಳು. "ಒಂದು ಕೇಳ್ತೀನಿ. ನಿಮ್ಮ ಹತ್ರ ಅವನು ಚೆನ್ನಾಗಿದಾನಾ?"

ಟಿಕೆಟ್ ಕಿಟಕಿಯವಳು ಟಿಕೆಟ್ ಕಟ್ಟನ್ನು ಪಕ್ಕಕ್ಕೆ ಸರಿಸಿದಳು. "ಬರ್ತಾ ಹಾಡ್ಕೊಂಡು ಬರ್ತಾರೆ. ನಗಿಸ್ತಾರೆ. ನಡುರಾತ್ರಿ ಕಣ್ಣು ಬಿಟ್ಟು ನೋಡಿದ್ರೆ ಹಾಸಿಗೆ ಅಂಚಲ್ಲಿ ಕೂತಿರ್ತಾರೆ. ಯಾಕೆ ಅಂದ್ರೆ, ಇನ್ನೇನೋ ಬೇಕು ಅನ್ಸುತ್ತೆ ಅಂತಾರೆ. ಏನು ಬೇಕು ಅಂದ್ರೆ, ಗೊತ್ತಿಲ್ಲ ಅಂತಾರೆ."

ವಾಪಸು ಬರುವಾಗ ಹಾಸಿಗೆಯಮ್ಮ ದಾರಿ ತಪ್ಪಿ ಎರಡು ಬೀದಿ ಮುಂದೆ ಹೋಗಿಬಿಟ್ಟಿದ್ದಳು. ಗಂಡ ಬೇರೆಯವಳ ಹತ್ತಿರ ಮಲಗಿದ್ದು ಹೊಟ್ಟೆ ಉರಿಸಿತ್ತು. ಈ ಒಪ್ಪಿಗೆಯ ಮಾತು ಬೇರೆ ಕಡೆ ಉರಿಸಿತು. ಅವಳ ಹನ್ನೊಂದು ದಿನದ ದುಡಿಮೆಯನ್ನು ಅವಳ ರುಜು ಮಾಡಿಕೊಂಡಿದ್ದ. ಬಿರಿದ ಹೆಬ್ಬೆರಳನ್ನು ಹೆಬ್ಬೆಟ್ಟಿನ ಗುರುತು ಮಾಡಿಕೊಂಡಿದ್ದ. ಚೆನ್ನಾಗಿ ಕೆಲಸ ಮಾಡಿದ್ದೇ ಸಾಕ್ಷಿ! ಕೆಟ್ಟದಾಗಿ ಹೊಲಿದಿದ್ದರೆ ಆ ಹೆಂಗಸು ನಂಬುತ್ತಿರಲಿಲ್ಲ. ಲೋಕದಲ್ಲಿ ಬಾಯಿ ಮುಚ್ಚಿಕೊಂಡು ದುಡಿಯುವ ಎಷ್ಟು ಜನರ ಕೈಯಿಂದ ಹೀಗೆ ಅವರಿಗೇ ಗೊತ್ತಿಲ್ಲದ ಒಪ್ಪಿಗೆ ಬರೆಸಿಕೊಂಡಿದ್ದಾರೋ.

ಟಿಕೆಟ್ ಕಿಟಕಿಯವಳು ಅದೇ ವಾರ ಅವನಿಗೆ ಬಾಗಿಲು ಹಾಕಿದಳು. ಹತ್ತಿ ತರಲು ಹೊರಟ ಗಂಡ ಸಂಜೆಗೇ ಹಿಂತಿರುಗಿದ. ಹತ್ತಿಯೂ ಇಲ್ಲ, ಹಾಡೂ ಇಲ್ಲ.

ಆಮೇಲಿನ ಎರಡು ವಾರ ಮನೆ ಹುಳಿ ಹಿಡಿಯಿತು. ಅವನು ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹರಿಹಾಯ್ದ. ಅನ್ನ ಬಿಸಿ ಅಂದ, ತಣ್ಣಗೆ ಅಂದ. ಸೊಂಟ ನೋವು ಅಂತ ಮಲಗಿದ, ಮಲಗಿ ಸಾಕಾಯಿತು ಅಂತ ಎದ್ದ. ಹೊಸ ಚಿತ್ರ ಬಂತು, ಪಾಸು ಬರಲಿಲ್ಲ; ಅತ್ತೆ ಗೋಡೆಯ ಕಡೆ ಮುಖ ಮಾಡಿಕೊಂಡು ಕೂತರು. ಮಗಳು ಅಮ್ಮನ ಜೊತೆ ಮಾತು ಬಿಟ್ಟಳು. ಒಂದು ದಿನ ಪಾತ್ರೆ ತಿಕ್ಕುತ್ತಾ, ಯಾರಿಗೂ ಹೇಳದ ಹಾಗೆ ಹೇಳಿದಳು: "ಕೆಲವರಿಗೆ ತಾವೂ ಸಂತೋಷವಾಗಿರೋಕೆ ಬರಲ್ಲ, ಇನ್ನೊಬ್ಬರನ್ನೂ ಬಿಡಲ್ಲ." ಹಾಸಿಗೆಯಮ್ಮ ತೊಳೆದ ತಟ್ಟೆಗಳನ್ನು ಒಂದೊಂದಾಗಿ ಒರೆಸಿಟ್ಟಳು. ಹಾಗೆ ಹೇಳಿದ್ದು ತಾನೇ ಹೆತ್ತ ಬಾಯಿ.

ಭಾನುವಾರ ಮಧ್ಯಾಹ್ನ ಗಂಡ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಊಟಕ್ಕೆ ಬಂದ. ಕೂರಲಿಲ್ಲ. ಮೂವರೂ ಮೊದಲೇ ಮಾತಾಡಿಕೊಂಡಿದ್ದರು ಅನ್ನುವುದು ಅವರು ಒಬ್ಬರನ್ನೊಬ್ಬರು ನೋಡಿದ ರೀತಿಯಲ್ಲೇ ತಿಳಿಯಿತು.

"ಅವಳು ಒಂದೇ ಹಟ ಹಿಡಿದು ಕೂತಿದಾಳೆ," ಅಂದ. "ನೀನು ಬಂದು ಹೇಳ್ಬೇಕಂತೆ. ನಿನ್ನ ಬಾಯಿಂದ."

"ಏನಂತ?"

"ನಿನ್ನ ಒಪ್ಪಿಗೆ ಇದೆ ಅಂತ. ಅಷ್ಟೇ. ಒಂದು ಮಾತು. ನಿನ್ನ ಗಂಟೇನು ಹೋಗುತ್ತೆ?"

ಅವಳು ಅತ್ತೆಯ ಕಡೆ ನೋಡಿದಳು. ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು. "ಹೇಳಿಬಿಡೇ. ವಾರಕ್ಕೆ ಎರಡು ದಿನ ಅಲ್ಲಿರ್ತಾನೆ, ಐದು ದಿನ ನಿನ್ನ ಕಣ್ಮುಂದೇನೇ ಇರ್ತಾನೆ. ಮನೆ ಮೊದಲಿನ ಹಾಗೆ ಆಗುತ್ತೆ. ಈ ವಯಸ್ಸಲ್ಲಿ ನಿನಗೆ ಇನ್ನೇನು ಬೇಕು?"

"ಅಮ್ಮ," ಅಂದಳು ಮಗಳು. ಎರಡು ವಾರದ ಮೇಲೆ ಮೊದಲ ಸಲ ಅಮ್ಮ ಅಂದಿದ್ದಳು. "ನೀನೊಬ್ಬಳು ಹೂಂ ಅಂದ್ರೆ ಎಲ್ರೂ ಸಂತೋಷವಾಗಿರಬಹುದು."

"ಎಲ್ರೂ ಅಂದ್ರೆ ಯಾರ್ಯಾರು?"

"ಎಲ್ರೂ ಅಂದ್ರೆ... ಅಪ್ಪ. ಅಜ್ಜಿ. ನಾನು. ಅವರು." ಮಗಳು ಬೆರಳು ಮಡಚುತ್ತಾ ಬಂದಳು. ಹೆಬ್ಬೆರಳು ಉಳಿಯಿತು. ಅದನ್ನು ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

ಅವಳು ಅವತ್ತು ಯಾರಿಗೂ ಕಾಯಲಿಲ್ಲ. ತನ್ನ ತಟ್ಟೆ ಎಳೆದುಕೊಂಡು, ಅನ್ನ ಹಾಕಿಕೊಂಡು ಕೂತಳು.

"ಬಟ್ಟೆ ಬದಲಾಯಿಸ್ಕೋ," ಅಂದ ಗಂಡ. "ಮ್ಯಾಟ್ನಿ ಶುರುವಾಗೋಕೆ ಮುಂಚೆ ಹೋಗಿ ಬಂದುಬಿಡೋಣ."

"ಬರಲ್ಲ."

"ನಾನು ಅಲ್ಲಿಗೆ ಹೋಗ್ಬಾರ್ದು, ಅಷ್ಟೇ ತಾನೇ ನಿನ್ನ ಹಟ?"

"ಹೋಗು. ನಾನೇನು ಬಾಗಿಲಿಗೆ ಅಡ್ಡ ಮಲಗಿದೀನಾ? ಹೋಗು, ಹಾಡು, ನಗು. ಅವಳು ಕೇಳಿದ್ರೆ ನೀನೇ ಹೇಳು, ನನ್ನ ಹೆಂಡತೀನ ನಾನು ಕೇಳಿರ್ಲಿಲ್ಲ ಅಂತ."

"ಹಾಗಂದ್ರೆ ಬಾಗಿಲು ತೆಗೆಯಲ್ಲ ಅವಳು!"

"ಅದು ಅವಳ ಬಾಗಿಲು."

ಅವನ ಮುಖ ಒಂದು ಗಳಿಗೆ ಅಳುವ ಹುಡುಗನ ಹಾಗಾಯಿತು. ಅವಳಿಗೆ ಪಾಪ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. ಅವನು ದಡದಡ ಇಳಿದು ಹೋಗಿ ವ್ಯಾನು ಶುರು ಮಾಡಿದ. ಹಾರನ್ನು ಒಂದು ಸಲ ಕೂಗಿತು. ಇನ್ನೊಂದು ಸಲ ಉದ್ದಕ್ಕೆ ಕೂಗಿತು. ಎದುರು ಮನೆಯ ಕಿಟಕಿ ತೆರೆದ ಸದ್ದಾಯಿತು.

"ಬೀದಿಯೆಲ್ಲ ನೋಡ್ತಿದೆ," ಅಂದರು ಅತ್ತೆ. "ಕರೀತಿದಾನಲ್ಲೇ, ಏಳು. ಹೋಗಿ ಒಂದು ಮಾತು ಹೇಳಿ ಬಾ."

"ಕರೀಲಿ," ಅಂದಳು ಅವಳು, ಅನ್ನ ಕ‌ಲಸುತ್ತಾ. "ಹೋಗಲ್ಲ ಅತ್ತೆ. ಹೇಳಲ್ಲ."